ಅಕ್ಕಿ ಕೊಟ್ಟವರ ಪಂಕ್ತಿ

"ಈ ಮುಗ್ಗಿದ ಅಕ್ಕಿ ಒಯ್ದು ಯಾರಿಗೆ ಉಣಿಸ್ಲೋ? ನಾಚಿಕಿ ಬರಂಗಿಲ್ಲೇನು ನಿನಗ?"

ಮಾನ್ವಿಯ ಅಕ್ಕಿ ಅಂಗಡಿಯಲ್ಲಿ ಕೈಚೀಲ ಹಿಡಿದು ಕಾಯುತ್ತಿದ್ದ ಗದ್ದೆಪ್ಪ ಬೆಚ್ಚಿ ತಿರುಗಿದ. ಬೈಯುತ್ತಿದ್ದವಳು ದೇವದುರ್ಗದಲ್ಲಿ ಕೂಲಿಯವರಿಗಾಗಿ ದಾಸೋಹ ನಡೆಸುವ ವೀರಭದ್ರಮ್ಮ. ಬೈಸಿಕೊಳ್ಳುತ್ತಿದ್ದವನು ಅಂಗಡಿಯ ಮಾಲೀಕ ಚನ್ನವೀರ.

"ಸಿಟ್ಟಾಗಬ್ಯಾಡ್ರಿ ಯವ್ವಾ. ಗಲಾಟಿಗೆ ಹೈವೇ ಬಂದ್ ಆಗಿ ಹೊರಗಿನ ಲಾರಿ ನಿಂತಾವು. ರೇಟು ಮುಗಿಲಿಗೇರ್ಯಾದ. ಚಲೋ ಅಕ್ಕಿ ಧರ್ಮಕ್ಕ ಹೆಂಗ ಕೊಡ್ಲಿ?"

"ಅದೇ ಗಲಾಟಿಗೆ ಕೂಲಿನೂ ನಿಂತದ. ಒಂದು ಪಂಕ್ತಿ ಉಣ್ಣೋರು ಮೂರು ಪಂಕ್ತಿ ಆಗ್ಯಾರ. ನಾಳಿಗೆ ನನ್ನಲ್ಲಿ ಹಿಡಿ ಅಕ್ಕಿ ಇಲ್ಲ."

"ಹಂಗಿದ್ರ ಇದನ್ನೇ ಒಯ್ರಿ. ನಾಕು ಸಲ ತೊಳದ್ರ ವಾಸನಿ ಹೋಗ್ತದ. ಹಸದವರು ಅದನ್ನೆಲ್ಲಾ ನೋಡ್ತಾರೇನ್ರಿ?"

"ಆತು, ಒಯ್ತೀನಿ. ನಮ್ಮ ಪದ್ಧತಿ ಗೊತ್ತದಲ್ಲ? ಅಕ್ಕಿ ಕೊಟ್ಟವರು ಮೊದಲನೇ ಪಂಕ್ತ್ಯಾಗ ಕುಂತು ಉಣಬೇಕು. ನಾಳೆ ಹೆಂಡ್ತಿ ಮಕ್ಕಳನ್ನ ಕರಕೊಂಡು ಬಾ."

ಚನ್ನವೀರ ತಕ್ಕಡಿಯ ಕಡೆ ಮುಖ ತಿರುಗಿಸಿದ.

"ನಾಳೆ ನನಗ ಭಾಳ ಕೆಲಸ ಅದರಿ."

"ನಿನಗ ಬ್ಯಾಡಾದ ಅನ್ನ ಅವರಿಗೂ ಬ್ಯಾಡ."

"ಮತ್ತ ಏನು ಉಣಿಸ್ತೀರಿ?"

"ಜ್ವಾಳದ ನುಚ್ಚು. ಉಣ್ಣಾಕ ಬರೋ ಹೆಣ್ಮಕ್ಕಳೇ ಸೆರಗಿನ್ಯಾಗ ಒಂದೊಂದು ಹಿಡಿ ಕಟ್ಟಿಕೊಂಡು ಬರ್ತೀವಿ ಅಂದಾರ. ನಾಳೆ ಎಲ್ಲಾರೂ ಕೊಟ್ಟವರೇ, ಎಲ್ಲಾರದೂ ಮೊದಲನೇ ಪಂಕ್ತಿ."

ಆಕೆ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಗದ್ದೆಪ್ಪ ತನಗೇ ಗೊತ್ತಿಲ್ಲದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಯವ್ವಾ, ನಿಲ್ರಿ! ಚಲೋದೇ ಅಳೀತೀನಿ!"

ಚನ್ನವೀರ ಒಳ್ಳೆಯ ಅಕ್ಕಿಯ ಚೀಲ ಹೆಗಲಿಗೇರಿಸಿ ಹೊರಗೆ ಓಡುವಷ್ಟರಲ್ಲಿ ಆಕೆ ಹತ್ತಿದ ದೇವದುರ್ಗದ ಬಸ್ಸು ತಿರುವು ದಾಟಿತ್ತು.