ಬೆಳಿಗ್ಗೆ ಸ್ಟಾರ್ಟ್ ಆಗಬಾರದ ಜೀಪು

ಶಿವಮೊಗ್ಗದ ಬ್ಯಾಟರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಕುಂಸಿ ಕಡೆಯ ಗಂಡ ಹೆಂಡತಿ, ಗುರು ಮತ್ತು ಮೋನಿಕಾ. ಗುಡ್ಡ ಹತ್ತುವ ಅವರ ಹಳೆಯ ಫೋರ್‌ವೀಲ್ ಜೀಪಿಗೆ ಬ್ಯಾಟರಿ ಬೇಕಿತ್ತು.

“ಇದು ತಗೊಳ್ಳಿ, ಎಂಥಾ ಚಳೀಲೂ ಒಂದೇ ಸಲಕ್ಕೆ ಸ್ಟಾರ್ಟ್,” ಎಂದ ಅಂಗಡಿಯವನು.

“ಅಷ್ಟು ಒಳ್ಳೇದು ಬೇಡಣ್ಣ,” ಎಂದಳು ಮೋನಿಕಾ. “ಗುಡ್ಡದ ಮೇಲೆ ಸ್ಟಾರ್ಟ್ ಆಗ್ಬೇಕು. ಬೆಳಿಗ್ಗೆ ಮನೆ ಮುಂದೆ ಆಗ್ಬಾರ್ದು.”

“ಅಂಥ ಬ್ಯಾಟರಿ ಯಾರು ಮಾಡ್ತಾರೆ ಮಾರಾಯ್ತಿ?”

“ಜಮೀನು ಪಾಲಾದ ಮೇಲೆ ಅಪ್ಪ, ದೊಡ್ಡಪ್ಪ ಮಾತು ಬಿಟ್ಟಿದಾರೆ,” ಎಂದ ಗುರು. “ಬೆಳಿಗ್ಗೆ ಜೀಪ್ ತಳ್ಳುವಾಗ ಮಾತ್ರ ಒಬ್ರು ‘ತಳ್ಳೋ’ ಅಂತಾರೆ, ಇನ್ನೊಬ್ರು ‘ನೀನೂ ತಳ್ಳು’ ಅಂತಾರೆ.”

ಅಂಗಡಿಯವನು ಹೊರಗೆ ಹೋಗಿ ಬಾನೆಟ್ ಎತ್ತಿ ನೋಡಿದ.

“ಬ್ಯಾಟರಿ ಗಟ್ಟಿಯಾಗೇ ಇದೆ. ಯಾರೋ ದಿನಾ ವೈರಿನ ನಟ್ ಸಡಿಲ ಮಾಡ್ತಿದಾರೆ. ತಿರುಗಿಸಿ ತಿರುಗಿಸಿ ಮೂಲೆಯೆಲ್ಲ ಸವೆದಿದೆ. ಬಿಗಿ ಮಾಡ್ಲಾ?”

“ಬೇಡ!” ಇಬ್ಬರೂ ಒಟ್ಟಿಗೆ ಕೂಗಿದರು.

“ಒಂದು ಸ್ಪ್ಯಾನರ್ ಕೊಡಿ ಸಾಕು,” ಎಂದಳು ಮೋನಿಕಾ. “ಗುಡ್ಡದ ಮೇಲೆ ನಾವೇ ಬಿಗಿ ಮಾಡ್ಕೋತೀವಿ.”

ಜೀಪು ಹತ್ತುವಾಗ ಗುರು ಕೇಳಿದ: “ಇದು ಯಾರ ಕೆಲಸ ಅಂತೀಯ? ಅಪ್ಪಂದಾ, ದೊಡ್ಡಪ್ಪಂದಾ?”

ಮೋನಿಕಾ ಬಾಗಿಲು ಎಳೆದುಕೊಂಡಳು.

“ಸ್ಪ್ಯಾನರ್ ಇಬ್ರ ಹತ್ರಾನೂ ಇದೆಯಲ್ಲ.”