ಕಾರ್ಡು ಶಾಹಿನಳದು, ಮೊಣಕಾಲು ಜಲಜಕ್ಕನದು

ಗಲ್ಫಿನ ಅಲ್ ನಹ್ದಾದ ಕ್ಲಿನಿಕ್ಕಿನಲ್ಲಿ ಭುಜದ ನೋವಿಗೆಂದು ಕೂತು ಕೂತು ತೂಕಡಿಸುತ್ತಿದ್ದ ಚನಿಯರಿಗೆ, ಊರ ಕಡೆಯ ಮಾತು ಕಿವಿಗೆ ಬಿದ್ದದ್ದೇ ನಿದ್ದೆ ಹಾರಿಹೋಯಿತು. ಮುಂದಿನ ಸಾಲಿನಲ್ಲಿ ಆಫೀಸಿನ ಐಡಿ ಕೊರಳಿಗೆ ಹಾಕಿಕೊಂಡ ಹುಡುಗಿ, ಪಕ್ಕದಲ್ಲಿ ಯಾವುದೋ ಶಾಲೆಯ ಆಯಾ ಸಮವಸ್ತ್ರದ ಹೆಂಗಸು.

“ನಿಮ್ಮ ಇನ್ಶೂರೆನ್ಸ್ ಕಾರ್ಡಿಗೆ ಎಲುಬಿನ ಡಾಕ್ಟ್ರು ಇಲ್ವಾ ಜಲಜಕ್ಕ?” ಹುಡುಗಿ ಕೇಳಿದಳು.

“ಜ್ವರ, ಶೀತ ಅಷ್ಟೇ ಶಾಹಿನ. ನಮಗೆ ಮೊಣಕಾಲು ಉಂಟು ಅಂತ ಕಂಪನಿಗೆ ಗೊತ್ತೇ ಇಲ್ಲ.”

“ನನ್ನ ಕಾರ್ಡಲ್ಲಿ ಎಲ್ಲ ಉಂಟು, ನೋವು ಮಾತ್ರ ಇಲ್ಲ. ಮದ್ದು ನಾನೇ ಬರೆಸಿ ತಂದುಕೊಡ್ತೇನೆ. ಸರಿ ಹೇಳಿ, ಯಾವ ಕಾಲು?”

“ಎಡದ್ದು. ಮೆಟ್ಟಿಲು ಇಳಿಯುವಾಗ ಜಾಸ್ತಿ.”

“ಎಷ್ಟು ಸಮಯ ಆಯ್ತು?”

“ಎರಡು ವರ್ಷ.”

“ಇಷ್ಟು ದಿನ ಎಂತ ಮಾಡ್ತಿದ್ರಿ ಅಂತ ಡಾಕ್ಟ್ರು ಕೇಳಿದ್ರೆ?”

“ಎಣ್ಣೆ ತಿಕ್ತಿದ್ದೆ ಅಂತ ಹೇಳು. ಅದೊಂದು ಸುಳ್ಳಲ್ಲ.”

“ಒತ್ತಿ ನೋಡಿದ್ರೆ?”

“ಒಳಬದಿ ಮುಟ್ಟಿದ ಕೂಡ್ಲೆ ಅಯ್ಯೋ ಅನ್ನು. ಹೊರಬದಿಗೆ ಸುಮ್ಮನಿರು.”

“ಎಕ್ಸ್‌ರೇ ಬೇಕು ಅಂದ್ರೆ?”

“ಅಲ್ಲಿಗೆ ಖಲಾಸ್ ಮಾರಾಯ್ತಿ. ನಿನ್ನ ಎಲುಬು ನಿಜ ಹೇಳಿಬಿಡ್ತದೆ.”

ಅಷ್ಟರಲ್ಲಿ ನರ್ಸ್ ಶಾಹಿನಳ ಹೆಸರು ಕರೆದಳು. ಅವಳು ಚಂಗನೆ ಎದ್ದಳು.

“ನಿಧಾನ,” ಎಂದಳು ಜಲಜಕ್ಕ. “ನಿಂಗೆ ನೋವುಂಟು.”

ಶಾಹಿನ ಆಕೆಯ ಹೆಗಲ ಮೇಲೆ ಭಾರ ಬಿಟ್ಟು ಎಡಗಾಲು ಎಳೆಯತೊಡಗಿದಳು. ದಾರಿ ಬಿಡಲು ಚನಿಯರು ಕಾಲು ಮಡಚಿಕೊಂಡರು. ಒಳಗಿದ್ದವರಿಗೆ ಅನುಮಾನ ಬರಬಾರದೆಂದು ಜಲಜಕ್ಕ ಮಾತ್ರ ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದು ಹೋದಳು.