ಅಲಾರಂಗೆ ಕಟ್ಟಿದ ಕವರ್

ಸಂಜೆಯ ಬಸ್ಸಿಗೆ ಸಾಲು ನಿಂತಿದ್ದ ವೆಲ್ಡರನ ಮುಂದೆ ಪ್ಯಾಕಿಂಗ್ ವಿಭಾಗದ ಇಬ್ಬರು ಹೆಂಗಸರಿದ್ದರು. ಫ್ಯಾಕ್ಟರಿಯಲ್ಲಿ ಮಾಡಿದ ಹಬ್ಬದ ಪೂಜೆಯ ಕುಂಕುಮ ಇಬ್ಬರ ಹಣೆಯಲ್ಲೂ ಹಾಗೇ ಇತ್ತು. ಚಿಕ್ಕವಳು ಇದ್ದಕ್ಕಿದ್ದಂತೆ ದೊಡ್ಡವಳ ಮೊಣಕೈ ಹಿಡಿದಳು.

“ಅಕ್ಕಾ, ಅಲಾರಂಗೆ ಕಟ್ಟಿದ ಕವರ್ ಬಿಚ್ಚಿದ್ರಾ?”

“ಯಾವ ಅಲಾರಂ?”

“ಗೋಡೌನಲ್ಲಿ, ಹೊಗೆ ಬಂದ್ರೆ ಕೂಗೋದು. ಊದುಬತ್ತಿಗೆ ಕೂಗಬಾರದು ಅಂತ ಕಟ್ಟಿದ್ವಲ್ಲ.”

“ಸ್ಟೂಲ್ ಹತ್ತಿದ್ದು ನೀನಲ್ವೇನೇ?”

“ಕಟ್ಟಿದ್ದು ನಾನು. ಬಿಚ್ಚೋದು ನೀವು ಅಂದ್ಕೊಂಡೆ.”

“ಹೋಗ್ಲಿ, ನಾಳೆ ಬಿಚ್ಚಿದ್ರಾಯ್ತು. ದೀಪ ಆರಿಸಿದೀಯ ತಾನೆ?”

ಚಿಕ್ಕವಳು ಬ್ಯಾಗಿನ ಪಟ್ಟಿ ತಿರುಚತೊಡಗಿದಳು.

“ಹಬ್ಬದ ದೀಪ ಆರಿಸಬಾರದು ಅಂತ ನೀವೇ ಅಂದ್ರಿ. ಎಣ್ಣೆ ತುಂಬಿಸಿ ಬಂದೆ.”

“ಅಯ್ಯೋ ನಿನ್ನ. ಸುತ್ತ ಬರೀ ರಟ್ಟಿನ ಪೆಟ್ಟಿಗೆ ಕಣೇ. ಈಗ ಅಲ್ಲಿ ಯಾರೂ ಇರಲ್ಲ.”

“ಗೇಟಿನವನಿಗೆ ಫೋನ್ ಮಾಡ್ಲಾ?”

“ಮಾಡಿದ್ರೆ ಪುಸ್ತಕದಲ್ಲಿ ಬರ್ಕೋತಾನೆ. ನಾಳೆ ಇಬ್ಬರಿಗೂ ಮನೆ ದಾರಿ.”

“ಕವರ್ ಕಟ್ಟಿ ಅಂದಿದ್ದು ಸೂಪರ್‌ವೈಸರ್ರೇ ಅಲ್ವಾ?”

“ಅವರು ಪ್ರಸಾದ ತಿಂದು ಕೈ ತೊಳ್ಕೊಂಡ್ರು ಬಿಡು.”

ವೆಲ್ಡರನಿಗೆ ಮೈ ಉರಿಯಿತು.

“ಗೋಡೌನ್ ಮೇಲಿನ ಮಹಡೀಲಿ ಎರಡನೇ ಶಿಫ್ಟ್‌ನೋರು ಇದಾರೆ ಅಕ್ಕಾ. ನಿಮ್ಮ ತಂಗಿನೂ.”

ದೊಡ್ಡವಳು ಫ್ಯಾಕ್ಟರಿಯ ಕಡೆ ತಿರುಗಿ ನೋಡಿದಳು.

“ಮಾಡೇ ಫೋನು. ಬರ್ಕೊಂಡ್ರೆ ಬರ್ಕೊಳ್ಳಲಿ, ನನ್ನ ಹೆಸರೇ ಹೇಳು.”

“ರಿಂಗ್ ಆಗ್ತಿದೆ. ಎತ್ತುತ್ತಿಲ್ಲ.”

“ಇನ್ನೊಂದ್ಸಲ ಮಾಡು.”

“ಎತ್ತುತ್ತಿಲ್ಲ ಅಕ್ಕಾ.”

ಅಷ್ಟರಲ್ಲಿ ಬಸ್ಸು ಬಂತು. ದೊಡ್ಡವಳು ಚಪ್ಪಲಿ ಕೈಯಲ್ಲಿ ಹಿಡಿದು ಆಗಲೇ ಫ್ಯಾಕ್ಟರಿಯ ಕಡೆ ಓಡುತ್ತಿದ್ದಳು, ಚಿಕ್ಕವಳಿಗಿಂತ ಮುಂದೆ.